ರೈಟ್ ಎಂದ ಮೇಲೆ ಬಸ್ಸು ನಿಲ್ಲುವುದುಂಟೇ?

ಕಳೆದ ಸೋಮವಾರ ನಾನು ಬಸ್ಸಿಗೆ ಅಡ್ಡ ನಿಂತೆ. ಹೌದು, ನಾನೇ. ನೆರೆಮನೆಯಲ್ಲಿ ಒಂದು ಎಸಳು ಕರಿಬೇವು ಕೇಳಲಿಕ್ಕೂ ಅಂಗಳದಲ್ಲಿ ಮೂರು ಸಲ ಹಿಂದೆ ಮುಂದೆ ನಡೆಯುವ ನಾನು.

ಇದು ಶುರುವಾದದ್ದು ಒಂದು ಇಂಗ್ಲಿಷ್ ಶಬ್ದದಿಂದ ಎಂದರೆ ನಂಬುತ್ತೀರಾ, ಮಕ್ಕಳೇ? (ಮಕ್ಕಳೇ ಎಂದರೆ ನನ್ನ ಮೊಮ್ಮಕ್ಕಳು ಮಾತ್ರವಲ್ಲ. ಬೇರೆ ಮನೆಯ ಮೊಮ್ಮಕ್ಕಳೂ ಇದನ್ನು ಓದುತ್ತಾರೆಂದು ಕೇಳಿ ನಾಚಿಕೆಯಾಗಿದೆ.)

ಶಿರ್ತಾಡಿಯ ನಮ್ಮ ಮನೆಯ ದೊಡ್ಡ ಮೊಮ್ಮಗಳು ವಾರಿಜ ಈ ವರ್ಷ ಎಸ್.ಎಸ್.ಎಲ್.ಸಿ. ಭಾನುವಾರ ಮಧ್ಯಾಹ್ನ ಜಗಲಿಯಲ್ಲಿ ಕುಳಿತು 'ರೈಟ್' ಎಂಬ ಶಬ್ದವನ್ನು ಉರು ಹೊಡೆಯುತ್ತಿದ್ದಳು. ರೈಟ್ ಎಂದರೆ ಸರಿ. ರೈಟ್ ಎಂದರೆ ಬಲಗಡೆ. ರೈಟ್ ಎಂದರೆ ಹಕ್ಕು, ನ್ಯಾಯ. ಆಂಗಲ್ ಜೊತೆಗೆ ಬಂದರೆ ಲಂಬಕೋನ. ರೈಟ್ ಅವೇ ಎಂದರೆ ಕೂಡಲೇ. ಒಂದು ಶಬ್ದಕ್ಕೆ ಎಷ್ಟು ಕೆಲಸ ನೋಡಿ. ಕೂಡು ಕುಟುಂಬದ ಕಿರಿ ಸೊಸೆಗೂ ಇಷ್ಟಿರಲಿಕ್ಕಿಲ್ಲ.

ಇಷ್ಟು ಸಾಲದೆಂದು ಸರಿ ಎನ್ನಲಿಕ್ಕೆ ಕರೆಕ್ಟ್, ಟ್ರೂ, ಪ್ರಾಪರ್ ಎಂದು ಬೇರೆಯೂ ಉಂಟಂತೆ. ಒಂದರ ಜಾಗದಲ್ಲಿ ಇನ್ನೊಂದು ಬರೆದರೆ ಮಾಸ್ಟ್ರು ಮಾರ್ಕು ಕೊಡುವುದಿಲ್ಲವಂತೆ. ಎಲ್ಲ ಒಂದೇ ಅಲ್ವಾ ಅಜ್ಜಿ ಎಂದು ಅವಳ ಗೋಳು. ಕದಳಿಯೂ ನೇಂದ್ರವೂ ಬಾಳೆಹಣ್ಣೇ ಅಲ್ಲವಾ ಎಂದು ನಾನು ಕೇಳಿದೆ. ದೇವರ ಮುಂದೆ ಇಡಲಿಕ್ಕೆ ಒಂದು, ಎಣ್ಣೆಗೆ ಬಿಡಲಿಕ್ಕೆ ಇನ್ನೊಂದು. ಶಬ್ದವೂ ಹಾಗೆಯೇ ಇರಬೇಕು. (ನಾನು ಊರ ಶಾಲೆಯ ಐದನೇ ಕ್ಲಾಸು. ಇಂಗ್ಲಿಷ್ ಗೊತ್ತಿಲ್ಲ. ಬಾಳೆಹಣ್ಣು ಗೊತ್ತುಂಟು.)

"ಮತ್ತೆ ಕಂಡಕ್ಟರ್ ಹಸನಬ್ಬ ಹೇಳುವ ರೈಟ್ ಇದರಲ್ಲಿ ಯಾವುದು?" ಎಂದೆ. ವಾರಿಜ ಡಿಕ್ಷನರಿ ತಿರುವಿ ತಿರುವಿ ಸೋತಳು. ನಾವು ದಿನಾ ಕೇಳುವ ಅರ್ಥವೇ ಪುಸ್ತಕದಲ್ಲಿಲ್ಲ! ಹಸನಬ್ಬನ ರೈಟ್ ಎಂದರೆ 'ಹೋಗುವ, ಬಸ್ಸು ಬಿಡು'. ಅವನು ರೈಟ್ ಎಂದು ಕೂಗುತ್ತಾನೆ, ಬಸ್ಸು ರಸ್ತೆಯ ಎಡಗಡೆಯಲ್ಲೇ ಹೋಗುತ್ತದೆ.

ಸಂಜೆ ಅವಳು ಮೂಡಬಿದ್ರೆಯ ಮಾವನ ಮನೆಗೆ ಹೋದಳು. ಮರುದಿನ ಹತ್ತು ಗಂಟೆಗೆ ಅಲ್ಲಿ ಮೊದಲ ಪರೀಕ್ಷೆ.

ಬೆಳಿಗ್ಗೆ ಜಗಲಿ ಗುಡಿಸುವಾಗ ಅವಳ ನೋಟ್‌ಬುಕ್ಕು ಸಿಕ್ಕಿತು. ತೆರೆದರೆ ಅದೇ ರೈಟ್ ಬರೆದ ಪುಟ. ಪುಟದ ಗುರುತಿಗೆಂದು ಮಹಾರಾಯ್ತಿ ಇಟ್ಟದ್ದು ಏನನ್ನು? ಹಾಲ್ ಟಿಕೆಟನ್ನು.

ಮಗ ಬಂಟ್ವಾಳಕ್ಕೆ ಹೋದವನು ಬಂದಿರಲಿಲ್ಲ. ಸೊಸೆ ಜ್ವರದಲ್ಲಿ ಮಲಗಿದ್ದಳು. ಬೆಳ್ತಂಗಡಿ ಕಡೆಯಿಂದ ಬರುವ ಬಸ್ಸು ಮೂಡಬಿದ್ರೆ ಮುಟ್ಟುವಾಗ ಹತ್ತೂವರೆ. ಉಳಿದದ್ದು ರಾತ್ರಿ ನಮ್ಮೂರಲ್ಲೇ ನಿಲ್ಲುವ ಬಸ್ಸಿನ ಮೊದಲ ಟ್ರಿಪ್ಪು, ಮತ್ತು ನಾನು.

ಇಲ್ಲಿ ಒಂದು ವಿಷಯ ಹೇಳಬೇಕು. ನಿಮ್ಮ ಅಜ್ಜ ತೀರಿಹೋದ ಮೇಲೆ, ಈ ಹನ್ನೊಂದು ವರ್ಷದಲ್ಲಿ, ನಾನು ಬೆಳಗಿನ ಬಸ್ಸನ್ನು ಮೊದಲು ಹತ್ತಿದವಳಲ್ಲ. ಹೊರಟವರ ಎದುರು ವಿಧವೆ ಬರಬಾರದು ಎನ್ನುತ್ತಾರಲ್ಲ? ಹಾಗಾಗಿ ಅಂಗಡಿಯ ಮರೆಯಲ್ಲಿ ನಿಲ್ಲುವುದು. ಬೇರೆ ಯಾರಾದರೂ ಹತ್ತಿದ ಮೇಲೆ ಅವರ ಹಿಂದೆ ಮೆಲ್ಲನೆ ಹತ್ತುವುದು. ಸಂತೆಯ ದಿನವಾದರೆ ಹತ್ತು ಜನ ಇರುತ್ತಾರೆ. ಸೋಮವಾರ ಒಂದು ನರಪಿಳ್ಳೆಯೂ ಇರಲಿಲ್ಲ.

ಡ್ರೈವರ್ ಸಂಜೀವಣ್ಣ ಹೂ ಸಿಕ್ಕಿಸಿದ, ಊದುಬತ್ತಿ ಹಚ್ಚಿದ. ನಾನು ಹಾಲ್ ಟಿಕೆಟನ್ನು ಸೆರಗಿನಲ್ಲಿ ಹಿಡಿದುಕೊಂಡು ದಾರಿ ನೋಡಿದೆ. ಒಬ್ಬರಾದರೂ ಬರಲಿ ದೇವರೇ. ಯಾರೂ ಬರಲಿಲ್ಲ. ಹಸನಬ್ಬ ರೈಟ್ ಎಂದ. ಬಸ್ಸು ಹೋಯಿತು.

ಕೂಗಬಾರದಿತ್ತಾ ಎಂದು ನೀವು ಕೇಳಬಹುದು. ಹೊರಟವರನ್ನು ಹಿಂದಿನಿಂದ ಕರೆಯಬಾರದು ಮಕ್ಕಳೇ, ಅದೂ ಅಪಶಕುನ. ಎರಡು ಅಪಶಕುನ ತಪ್ಪಿಸಲಿಕ್ಕೆ ಹೋಗಿ ಮೊಮ್ಮಗಳ ಒಂದು ವರ್ಷ ನನ್ನ ಕಣ್ಣೆದುರೇ ಹೋಗುತ್ತಿತ್ತು.

ಆಗ ಕಾಲು ತಾನಾಗಿ ಓಡಿತು. ರಸ್ತೆ ಗುಡ್ಡ ಸುತ್ತಿ ಬರುತ್ತದೆ. ಕೊಯ್ದ ಗದ್ದೆಯಲ್ಲಿ ಅಡ್ಡ ಹಾಯ್ದರೆ ಮುಂದಿನ ತಿರುವು. ಐವತ್ತೆಂಟು ವರ್ಷದ ಪ್ರಾಯದಲ್ಲಿ ಸೀರೆ ಎತ್ತಿ ಕಟ್ಟಿ ಓಡಿದೆ. ಒಂದು ಚಪ್ಪಲಿ ಗದ್ದೆಯಲ್ಲೇ ಉಳಿಯಿತು. ರಸ್ತೆಗೆ ಹತ್ತಿ ಎರಡೂ ಕೈ ಎತ್ತಿದೆ. ಬ್ರೇಕು ಕಿರುಚಿದ ಮೇಲೆ ಗೊತ್ತಾಯಿತು, ಎಲ್ಲಿ ನಿಂತಿದ್ದೇನೆಂದು. ಬಸ್ಸಿನ ನೇರ ಎದುರು. ಒಳಗೆ ಊದುಬತ್ತಿ ಇನ್ನೂ ಹೊಗೆಯಾಡುತ್ತಿತ್ತು.

ಹಸನಬ್ಬ ಇಳಿದು ಓಡಿ ಬಂದ. ಏದುಸಿರಿನಲ್ಲೇ ಎಲ್ಲ ಹೇಳಿದೆ. ಮರೆಯಲ್ಲಿ ನಿಂತ ಕಾರಣವನ್ನೂ ಹೇಳಿಬಿಟ್ಟೆ. ಅವನು ತಲೆ ಕೆರೆದುಕೊಂಡ.

"ನೀವು ನಿಂತದ್ದು ನಾನು ಕಂಡಿದ್ದೇನಮ್ಮ. ಯಾರನ್ನೋ ಕಳಿಸಿಕೊಡಲಿಕ್ಕೆ ಬಂದದ್ದು ಅಂತ ಗ್ರಹಿಸಿದೆ."

ಸಂಜೀವಣ್ಣ ಕುಳಿತಲ್ಲಿಂದಲೇ ಬಗ್ಗಿ ನೋಡಿದ. "ಅಮ್ಮ, ಬೆಳಗ್ಗಿನ ಟ್ರಿಪ್ಪು ಖಾಲಿ ಹೊರಟರೆ ನಮಗೆ ಅದೇ ದೊಡ್ಡ ಅಪಶಕುನ. ಅದನ್ನು ಮಾಡಿದ್ದು ನೀವೇ. ಮತ್ತೆ ಈ ಬಸ್ಸಿನ ಬ್ರೇಕಿನ ಕಥೆ ನಿಮಗೆ ಗೊತ್ತಿಲ್ಲ. ಎದುರು ಬಂದು ನಿಂತದ್ದಕ್ಕೆ ಶಕುನ ಕೆಡುವುದಿದ್ದರೆ ಕೆಡ್ತಿದ್ದದ್ದು ನಿಮ್ಮದೇ. ಹತ್ತಿ ಮಾರಾಯ್ರೆ, ಹುಡುಗಿ ಕಾಯ್ತಾ ಇರಬಹುದು."

ಹತ್ತಿದೆ. ಮುಂದಿನ ಸೀಟಿನಲ್ಲಿ ಕುಳಿತೆ. ಇಡೀ ಬಸ್ಸಿಗೆ ನಾನೊಬ್ಬಳೇ, ಒಂದೇ ಚಪ್ಪಲಿಯಲ್ಲಿ.

ಮಾವನ ಮನೆಯ ಜಗಲಿಯಲ್ಲಿ ವಾರಿಜ ಟ್ರಂಕು ಮಗುಚಿ ಹಾಕಿದ್ದಳು. ಕಣ್ಣು ಕೆಂಪು. ಹಾಲ್ ಟಿಕೆಟ್ ಕೈಗೆ ಸಿಕ್ಕಿದ ಮೇಲೆಯೂ ಅಳು ನಿಲ್ಲಲಿಲ್ಲ. ಒಂಬತ್ತೂವರೆಗೆ ಹೊರಡುವಾಗ ನಾನು ಅಭ್ಯಾಸಬಲದಿಂದ ಒಳಗಿನ ಕೋಣೆಗೆ ಸರಿದೆ. ಅವಳು ಹುಡುಕಿಕೊಂಡು ಬಂದು, ಕೈ ಹಿಡಿದು ಅಂಗಳಕ್ಕೆ ಎಳೆದು ತಂದು ಎದುರು ನಿಲ್ಲಿಸಿ ಕಾಲು ಮುಟ್ಟಿದಳು. ಆಮೇಲೆಯೇ ಹೊರಟದ್ದು. ಪರೀಕ್ಷೆ ಸುಲಭ ಇತ್ತಂತೆ.

ಮರಳಿ ಬರುವಾಗ ಬಸ್ಸಿನಲ್ಲಿ ಲೆಕ್ಕ ಹಾಕಿದೆ. ನೀನು ಎದುರು ಬರಬೇಡ ಎಂದು ನನಗೆ ಯಾರು ಹೇಳಿದ್ದು? ಒಬ್ಬಳೇ ಒಬ್ಬಳು ದೂರದ ಸಂಬಂಧಿ, ಯಾರದೋ ಮದುವೆಯಲ್ಲಿ, ಒಂದೇ ಒಂದು ಸಲ. ಅವಳಿಗೆ ಸಂಜೆಯ ಒಳಗೆ ಮರೆತೂ ಹೋಗಿರಬಹುದು.

ಹನ್ನೊಂದು ವರ್ಷ ಅದನ್ನು ದಿನಾ ನನಗೆ ಹೇಳುತ್ತಾ ಬಂದದ್ದು ಮತ್ತೆ ಯಾರು?