ಮೂಗಿನ ಬಸ್ಸಿಗೊಂದು ಟವೆಲ್

ಖಾಲಿ ಸೀಟು ಕಂಡರೆ ನನ್ನ ಕೈ ತಾನಾಗಿಯೇ ಜೇಬಿನ ದಸ್ತಿಗೆ, ಅಂದರೆ ಕರವಸ್ತ್ರಕ್ಕೆ, ಹೋಗುತ್ತದೆ. ಇದು ರೋಗವೋ ಸಂಸ್ಕಾರವೋ ತಿಳಿಯದು. ಮದುವೆಯ ಪಂಕ್ತಿಯಲ್ಲಿ, ಹಲ್ಲಿನ ಡಾಕ್ಟರರ ವರಾಂಡದಲ್ಲಿ, ಒಮ್ಮೆ ಒಂದು ಸಂತಾಪ ಸಭೆಯಲ್ಲಿ ಕೂಡ ಕುರ್ಚಿಯ ಮೇಲೆ ದಸ್ತಿ ಹಾಸಿ ಚಹಾ ಕುಡಿದು ಬಂದವನು ನಾನು. ನಮ್ಮ ಗದಗ ಸೀಮೆಯಲ್ಲಿ ಬಸ್ಸು ನಿಲ್ದಾಣಕ್ಕೆ ಬಂದು ನಿಲ್ಲುವುದರೊಳಗೆ ಕಿಟಕಿಯಿಂದ ದಸ್ತಿ, ಟವೆಲ್, ಛತ್ರಿಗಳೆಲ್ಲ ಒಳಗೆ ಬಿದ್ದಿರುತ್ತವೆ. ಹಾಗೆ ಬಿದ್ದ ಟವೆಲನ್ನು ಇನ್ನೊಬ್ಬರು ಮುಟ್ಟುವುದಿಲ್ಲ. ಹೊಲದ ಬದುವಿಗಾಗಿ ಅಣ್ಣನ ಮೇಲೆಯೇ ಕೋರ್ಟಿಗೆ ಹೋದವನೂ ಅಪರಿಚಿತನ ಟವೆಲಿನ ಹದ್ದು ಮೀರುವುದಿಲ್ಲ.

ಇತ್ತೀಚೆಗೆ ನನ್ನ ಕಣ್ಣು ಬಿದ್ದಿದ್ದು ಮಾತ್ರ ಕೂರುವ ಸೀಟಿನ ಮೇಲಲ್ಲ, ಮಲಗುವ ಸೀಟಿನ ಮೇಲೆ. ಅದು ಇರುವುದು ಗೆಳೆಯ ಗುರುಸಿದ್ದಪ್ಪನ ಬಸ್ಸಿನಲ್ಲಿ.

ಗುರುಸಿದ್ದಪ್ಪ ಬೆಟಗೇರಿಯಲ್ಲಿ ನೂಲಿನ ವ್ಯಾಪಾರಿ. ನಾವಿಬ್ಬರೂ ಹುಡುಗರಾಗಿದ್ದಾಗ ಗದಗದಿಂದ ಲಕ್ಷ್ಮೇಶ್ವರಕ್ಕೆ ಒಂದು ಖಾಸಗಿ ಬಸ್ಸು ಓಡಾಡುತ್ತಿತ್ತು. ಎಂಜಿನ್ನು ಮುಂದಕ್ಕೆ ಚಾಚಿಕೊಂಡ ಮೂಗಿನ ಬಸ್ಸು ಅದು. ಓಡುವುದು ನಿಂತ ಮೇಲೆ ಲಕ್ಷ್ಮೇಶ್ವರದ ಹೊರಗೆ ಯಾರದೋ ಹೊಲದಲ್ಲಿ ಮೇವು ತುಂಬುವ ಕೋಣೆಯಾಗಿ ಕೂತಿತ್ತು. ಗುರುಸಿದ್ದಪ್ಪ ಅದನ್ನು ಕೊಂಡು, ಬೆಟಗೇರಿಯ ತನ್ನ ಶೆಡ್ಡಿಗೆ ಎಳೆಸಿ ತಂದು, ಮತ್ತೆ ಓಡುವಂತೆ ಮಾಡಿಸಿ, ಮನೆ ಮಾಡಿದ. ಮನೆ ಎಂದರೆ ಖರೆಯೇ ಮನೆ. ಒಳಗೆ ಒಲೆ, ನೀರಿನ ಟಾಕಿ, ತೊಟ್ಟಿಲಿನಷ್ಟೇ ದೊಡ್ಡ ಬಚ್ಚಲು, ಮಲಗಲು ನಾಲ್ಕು ಹಲಗೆ ಮಂಚ. ಕಾಗದಪತ್ರಕ್ಕೆಂದು ಕಚೇರಿಗಳಿಗೆ ಅವನು ತಿರುಗಿದ ದೂರ ಆ ಬಸ್ಸು ತನ್ನ ಆಯುಷ್ಯದಲ್ಲಿ ಓಡಿದ ದೂರಕ್ಕಿಂತ ಕಡಿಮೆಯಿರಲಾರದು.

ಆದರೆ ಹೊರಗಿನಿಂದ ಕಾಣುವ ಒಂದು ಮೊಳೆಯನ್ನೂ ಅವನು ಬದಲಿಸಲಿಲ್ಲ. ಅವನನ್ನು ನಾನು ಮೆಚ್ಚುವುದು ಇಲ್ಲಿಯೇ. ಹಿಂಬದಿಯ ಏಣಿ ಹಾಗೇ ಇದೆ. ಹಿಚುಕಿದರೆ ಮುದಿ ಎಮ್ಮೆಯಂತೆ ಕೂಗುವ ರಬ್ಬರಿನ ಹಾರ್ನು ಹಾಗೇ ಇದೆ. ಒಳಗೆ ಕಂಡಕ್ಟರನ ಗಂಟೆಯ ಹಗ್ಗವೂ ಉಳಿದಿದೆ. ಅವನ ಹೆಂಡತಿ ನೀಲಕ್ಕ ಒಲೆಯ ಬಳಿಯಿಂದ ಅದನ್ನು ಒಮ್ಮೆ ಎಳೆದರೆ ಚಹಾ ಆಯಿತೆಂದು ಅರ್ಥ, ಗುರುಸಿದ್ದಪ್ಪ ಗಾಡಿ ನಿಲ್ಲಿಸುತ್ತಾನೆ. ಎರಡು ಸಲ ಎಳೆದರೆ ಕಪ್ಪು-ಬಸಿ ತೊಳೆದಾಯಿತು, ಹೊರಡು.

ಭಾನುವಾರ ಬಂತೆಂದರೆ ಶೆಡ್ಡಿನಲ್ಲಿ ಹಳೆಯ ಬಸ್ಸುಗಳ ಹುಚ್ಚು ಹಿಡಿದವರ ಸಭೆ. ಶಿರಹಟ್ಟಿಯಿಂದ ಒಬ್ಬರು ಸ್ಟೀರಿಂಗ್ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಲಿಕ್ಕೇ ಬರುತ್ತಾರೆ. ಹೊಸ ಐಷಾರಾಮಿ ಗಾಡಿಯನ್ನು ನೋಡಿದವರು ಎಷ್ಟಾಯಿತೆಂದು ಕೇಳುತ್ತಾರೆ, ಇದನ್ನು ನೋಡಿದವರು ತಾವು ಯಾವ ಸೀಟಿನಲ್ಲಿ ಕೂತು ಯಾರ ಮದುವೆಗೆ ಹೋಗಿದ್ದೆವೆಂದು ಹೇಳುತ್ತಾರೆ. ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತನಾದ ನಾನು ಅಲ್ಲಿ ನನ್ನ ಪಾಂಡಿತ್ಯವನ್ನೂ ಸ್ವಲ್ಪ ಹರಿಬಿಡುತ್ತೇನೆ. ಈ ಸೀಮೆಯ ಶಾಸನಗಳಲ್ಲಿ ಅರಸ ಯಾವುದೋ ನೆಲೆವೀಡಿನಲ್ಲಿ ಬೀಡುಬಿಟ್ಟು, ಸುಖವಾಗಿ ಮಾತುಕತೆಯಾಡುತ್ತ ರಾಜ್ಯವಾಳುತ್ತಿದ್ದ ಎಂದಿರುತ್ತದೆ. ಇಂದು ಒಂದೂರು, ನಾಳೆ ಇನ್ನೊಂದು. ಅಡುಗೆಯವರು, ಹಾಸಿಗೆ, ಪಾತ್ರೆ ಎಲ್ಲ ಜೊತೆಗೇ. ಅಂದಮೇಲೆ ಚಕ್ರದ ಮೇಲಿನ ಮನೆಯನ್ನು ಪರದೇಶದವರಿಂದ ಕಲಿಯುವ ಗರಜು ನಮಗಿಲ್ಲ. ಇದನ್ನು ಹೇಳಿದಾಗಲೆಲ್ಲ ಗುರುಸಿದ್ದಪ್ಪ ಮೀಸೆಯ ಮೇಲೆ ಕೈಯಾಡಿಸುತ್ತಾನೆ.

ಮೊದಲ ಪರೀಕ್ಷಾ ಪ್ರಯಾಣಕ್ಕೆ ನನ್ನನ್ನೂ ಕರೆದೊಯ್ದಿದ್ದರು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಸುತ್ತಿ ಸಂಜೆಗೆ ಮನೆ ಸೇರುವುದೆಂದು ಹೊರಟೆವು. ಶಿರಹಟ್ಟಿಯಲ್ಲಿ ಗಾಡಿ ನಿಲ್ಲಿಸಿ ಮಿರ್ಚಿ ಭಜಿ ತಿಂದು ಬರುವಷ್ಟರಲ್ಲಿ ಮಂಚದ ಮೇಲೆ ಎರಡು ಟವೆಲ್, ಒಂದು ದಸ್ತಿ. ಒಲೆಯ ಪಕ್ಕದಲ್ಲಿ ಒಬ್ಬ ಅಜ್ಜಿ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತೇಬಿಟ್ಟಿದ್ದಳು.

"ಹಿರೇವಡ್ಡಟ್ಟಿಗೆ ಹೋಗ್ತೈತೆಲ್ಲೋ ತಮ್ಮಾ?" ಎಂದಳು.

"ಯವ್ವಾ, ಇದು ಬಸ್ಸಲ್ಲ, ಮನಿ," ಎಂದ ಗುರುಸಿದ್ದಪ್ಪ.

"ಮನಿ ಆದ್ರ ಛಲೋನ ಆತಲ್ಲ. ಮನಿಗೆ ಬಂದಾವ್ರನ್ನ ಏಳು ಅಂತಾರೇನೋ ಯಪ್ಪಾ?"

ಗುರುಸಿದ್ದಪ್ಪ ನನ್ನ ಮುಖ ನೋಡಿದ, ನಾನು ಟವೆಲುಗಳನ್ನು ನೋಡಿದೆ. ಅವನ್ನು ತೆಗೆದು ಹೊರಗೆ ಹಾಕುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಟವೆಲಿನ ಒಡೆಯರು ಒಬ್ಬೊಬ್ಬರಾಗಿ ಬಂದು ತಮ್ಮ ತಮ್ಮ ಜಾಗದಲ್ಲಿ ಕೂತರು. ಬಸ್ಸನ್ನು ಹಿರೇವಡ್ಡಟ್ಟಿಯ ಕಡೆಗೆ ತಿರುಗಿಸಿದೆವು. ದಾರಿಯಲ್ಲಿ ನೀಲಕ್ಕ ಹಗ್ಗ ಎಳೆದು, ಗಾಡಿ ನಿಲ್ಲಿಸಿ, ಎಲ್ಲರಿಗೂ ಚಹಾ ಕೊಟ್ಟಳು. ಇಳಿಯುವಾಗ ಅಜ್ಜಿ ಬಸ್ಸಿನ ಮೂಗನ್ನು ಸವರಿ, "ಇದರಾಗ ಮೊದಲ ನಿಂತ ಹೋಗತಿದ್ವಿ. ಈಗ ಮಲಕೊಂಡ ಹೋಗೂ ಕಾಲ ಬಂತು," ಎಂದಳು. ಶೆಡ್ಡಿನ ಸಭೆಯಲ್ಲಿ ನಾವು ಇಷ್ಟು ದಿನ ಹೊಗಳಿದ್ದೆಲ್ಲ ಅದರ ಮುಂದೆ ಸಪ್ಪೆಯೆನಿಸಿತು.

ಇನ್ನು ನನ್ನ ಸಂಕಟಕ್ಕೆ ಬರುತ್ತೇನೆ. ಗುರುಸಿದ್ದಪ್ಪ ಮೊದಲ ದೊಡ್ಡ ಪ್ರಯಾಣ ಗೊತ್ತುಮಾಡಿದ, ಸಮುದ್ರದ ದಂಡೆಗೆ. ನಾಲ್ಕು ಮಂಚದಲ್ಲಿ ಎರಡು ಅವನಿಗೂ ನೀಲಕ್ಕನಿಗೂ ಹೋದವು. ಉಳಿದ ಎರಡರ ಮೇಲೆ ಶೆಡ್ಡಿನ ಸಭೆಯವರಿಗೆಲ್ಲ ಕಣ್ಣು. ಸ್ಟೀರಿಂಗ್ ಕಣ್ಣಿಗೊತ್ತಿಕೊಳ್ಳುವ ಶಿರಹಟ್ಟಿಯವರು ಸಮುದ್ರದ ಗಾಳಿ ತಮ್ಮ ಸಂಧಿವಾತಕ್ಕೆ ಒಳ್ಳೆಯದೆಂದು ಸುಳಿವು ಬಿಟ್ಟಾಗಿತ್ತು. ನನಗೆ ಬಾಯಿಬಿಟ್ಟು ಕೇಳಲು ಸಂಕೋಚ. ಬಯಲುಸೀಮೆಯ ಬಿಸಿಲಿನಲ್ಲೇ ತಲೆ ಹಣ್ಣಾದವನಿಗೆ, ಬಾಲ್ಯದ ಬಸ್ಸಿನ ಕಿಟಕಿಯಿಂದ, ಮಲಗಿದಲ್ಲಿಂದಲೇ ಸಮುದ್ರ ನೋಡಬೇಕೆಂಬ ಆಸೆ ಎಷ್ಟಿತ್ತೆಂದರೆ, ಊಟ ಮಾಡುವಾಗ ಅದೇ ಯೋಚನೆಯಲ್ಲಿ ಮಜ್ಜಿಗೆಯ ಬದಲು ನೀರು ಕಲಸಿಕೊಂಡೆ.

ಮನೆಯಲ್ಲಿ ವಿಷಯ ತೆಗೆದರೆ ನಮ್ಮಾಕೆ, "ಮನಿ ಇದ್ದು ಬಸ್ಸಿನ್ಯಾಗ ಮಲಗೂದು ಯಾವ ಶ್ಯಾಣ್ಯಾತನರಿ?" ಎಂದು ರೊಟ್ಟಿ ಬಡಿಯತೊಡಗಿದಳು. ಅವಳಿಗೆ ಈ ಹುಚ್ಚು ಇಲ್ಲವೆಂದು ತೀರ್ಮಾನಿಸಿದೆ.

ಹೊರಡುವ ಮುನ್ನಾದಿನ ಸಂಜೆ ಬಗಲಲ್ಲಿ ಒಂದು ಟವೆಲ್ ಅಡಗಿಸಿಕೊಂಡು ಶೆಡ್ಡಿಗೆ ಹೋದೆ. ಟಾಯರು ನೋಡುವವನಂತೆ ಬಸ್ಸನ್ನು ಒಂದು ಸುತ್ತು ಬಂದೆ. ಸುತ್ತ ಯಾರೂ ಇಲ್ಲದ್ದನ್ನು ಖಾತ್ರಿಮಾಡಿಕೊಂಡು ಹಿಂದಿನ ಕಿಟಕಿಯಿಂದ ಟವೆಲನ್ನು ಒಳಗೆಸೆದೆ. ಈ ವಯಸ್ಸಿನಲ್ಲೂ ಗುರಿ ತಪ್ಪಲಿಲ್ಲ. ಆ ಹೆಮ್ಮೆಯಲ್ಲೇ ಒಳಗೆ ಹತ್ತಿ ನೋಡಿದೆ. ಉಳಿದ ಎರಡೂ ಮಂಚದ ಮೇಲೆ ಆಗಲೇ ಒಂದೊಂದು ಟವೆಲ್ ಹಾಸಿತ್ತು, ನನ್ನದು ಅದರಲ್ಲೊಂದರ ಮೇಲೆ ಬಿದ್ದಿತ್ತು. ಶಿರಹಟ್ಟಿಯವರು ನನ್ನನ್ನು ಮೀರಿಸಿದರೆಂದು ಅಲ್ಲಿಯೇ ಕುಸಿದು ಕೂತೆ. ಕೂತ ಮೇಲೆ ನೋಡುತ್ತೇನೆ, ಹಾಸಿದ್ದ ಒಂದರ ಮೂಲೆಯಲ್ಲಿ ಇಸ್ತ್ರಿ ಸುಟ್ಟ ಗುರುತು. ಆ ಗುರುತು ಮಾಡಿದವನು ನಾನೇ.

ಮೆಟ್ಟಿಲ ಬಳಿ ನೀಲಕ್ಕ ನಿಂತಿದ್ದಳು. "ನಿಮ್ಮ ಮನಿಯವ್ರು ಮುಂಜಾನೇನ ಬಂದು ಹಾಸಿ ಹೋಗ್ಯಾರ್ರಿ ಸರ. 'ಅವ್ರು ಬಾಯಿಬಿಟ್ಟು ಕೇಳಾವ್ರಲ್ಲ, ಇಬ್ಬರದೂ ನಾನ ಹಿಡದೀನಿ' ಅಂದ್ರು," ಎಂದಳು.

ನನಗೆ ಕಣ್ಣು ತುಂಬಿ ಬಂತು, ಕಿವಿಯೂ ಬಿಸಿಯಾಯಿತು. ನಮ್ಮಾಕೆ ಎರಡು ಹಾಸಿದ್ದಳು. ನಾನು ತಂದದ್ದು ಒಂದೇ.

ನಮ್ಮ ಸೀಮೆಯಲ್ಲಿ ಹಾಕಿದ ಟವೆಲನ್ನು ಯಾರೂ ತೆಗೆಯುವುದಿಲ್ಲ. ನೀಲಕ್ಕ ಅತ್ತ ತಿರುಗಿದಾಗ ನಾನು ಆ ಕಾಯ್ದೆಯನ್ನು ಮೊದಲ ಸಲ ಮುರಿದೆ, ನನ್ನ ಟವೆಲನ್ನೇ ಎತ್ತಿ ಅಂಗಿಯೊಳಗೆ ತುರುಕಿಕೊಂಡೆ.