ಕೀಜಾ ಕೇಳಿದ್ದು

ಮೀಜೆಗೆ ಈಜು ಕಲಿಸಿದವಳು ಅವಳ ಗಂಡ ಮಕಾಮೆಯ ಅಕ್ಕ ಕೀಜಾ. ಜಾಂಜಿಬಾರಿನ ಆ ಊರಿನ ಹೆಂಗಸರು ಸೊಂಟಮಟ್ಟ ಕಡಲಿನಲ್ಲಿ ನಿಂತು, ಹಗ್ಗಕ್ಕೆ ಕಟ್ಟಿ, ಮಾರಾಟಕ್ಕೆ ಕಡಲಪಾಚಿ ಬೆಳೆಯುತ್ತಾರಾದರೂ ಈಜು ಬಲ್ಲವರು ಕಡಿಮೆ. ನಲ್ಲಿ ಬರುವ ಮುಂಚೆ ಎಲ್ಲರೂ ಊರ ಹಿಂದಿನ ಸುಣ್ಣಕಲ್ಲಿನ ಗುಹೆಗೆ ನೀರಿಗೆ ಹೋಗುತ್ತಿದ್ದರು. ಬಾಯಿಯ ಹತ್ತಿರದ ಸಣ್ಣ ಹೊಂಡದಲ್ಲಿ ಕುಡಿಯುವ ನೀರು. ಒಳಗಿನ ಕತ್ತಲೆಯ ಕೊಳದಲ್ಲಿ ಸ್ನಾನ. ಹೊಸದಾಗಿ ಮದುವೆಯಾಗಿ ಬಂದ ಮೀಜೆ ಅಂಚಿನಲ್ಲೇ ನಡುಗುತ್ತ ಕೂತಿದ್ದಾಗ ಕೀಜಾ ಕಾಲು ಹಿಡಿದು ಎಳೆದಿದ್ದಳು.

"ಮೇಕೆ ಥರ ಒದ್ದಾಡ್ಬೇಡ, ವೀಫಿ. ನೀರೇನು ನಿನ್ನ ತಿನ್ನಲ್ಲ."

ಅಲ್ಲಿ ಅತ್ತಿಗೆ ನಾದಿನಿಯರು ಪರಸ್ಪರ ಕರೆಯುವುದು ವೀಫಿ ಎಂದೇ. ಗಂಡ ತೀರಿಕೊಂಡ ಮೇಲೆ ಕೀಜಾ ತಮ್ಮನ ಮನೆಗೇ ಬಂದಳು. ಇಬ್ಬರ ಜಗಳ, ನಗು ಎಲ್ಲ ಒಂದೇ ಒಲೆಯ ಮುಂದೆ ನಡೆಯಿತು.

ಅರವತ್ತು ದಾಟಿದ ಮೇಲೆ ಕೀಜಾಳ ಬಲಭಾಗಕ್ಕೆ ಲಕ್ವ ಹೊಡೆಯಿತು. ಮಾತು ಎಳೆದೆಳೆದು ಮರಳಿತು, ಕೈಕಾಲು ಮರಳಲಿಲ್ಲ. ಎತ್ತುವುದು, ಮಲಗಿಸುವುದು, ತೊಳೆಯುವುದು ಎಲ್ಲ ಮೀಜೆಯ ಪಾಲಿಗೆ ಬಂತು. ಎರಡು ವರ್ಷ ಏನನ್ನೂ ಬೇಡದ ಕೀಜಾ ಒಂದು ದಿನ ಗುಹೆಗೆ ಹೋಗಬೇಕೆಂದಳು.

ಈಗ ಅಲ್ಲಿ ಪರದೇಶದವರು ಈಜಲು ಬರುತ್ತಾರೆ. ಅವರು ಬರುವ ಮೊದಲೇ, ಬೆಳಗಿನ ನಮಾಜು ಮುಗಿದೊಡನೆ, ಮಕಾಮೆ ಅಕ್ಕನನ್ನು ಎತ್ತಿನಗಾಡಿಯಲ್ಲಿ ಕರೆದೊಯ್ದ. ಬೆನ್ನ ಮೇಲೆ ಹೊತ್ತು ಮೆಟ್ಟಿಲಿಳಿಸಿ, ಹೆಂಗಸರ ಸ್ನಾನವೆಂದು ತಾನು ಮೇಲೆ ಹೋಗಿ ಕೂತ.

ಮೀಜೆ ಅವಳ ಕತ್ತಿನಡಿ ಒಂದು ಕೈ, ಸೊಂಟದಡಿ ಒಂದು ಕೈ ಕೊಟ್ಟು ಎದೆಮಟ್ಟದ ನೀರಿಗೆ ಇಳಿದಳು. ಹುಲ್ಲಿನ ಕಂತೆಯಂತೆ ಹಗುರಾಗಿದ್ದಳು ಕೀಜಾ. ಬಹಳ ಹೊತ್ತು ಕಣ್ಣು ಮುಚ್ಚಿಕೊಂಡಿದ್ದು, ಆಮೇಲೆ ಹೇಳಿದಳು:

"ಕೈ ತೆಗಿ, ವೀಫಿ."

ಮುಳುಗುತ್ತೀಯ ಎಂದಳು ಮೀಜೆ.

"ನಿನಗೆ ಈಜು ಕಲಿಸ್ದೋಳು ಯಾರು? ಎರಡು ವರ್ಷದಿಂದ ಯಾರದಾದ್ರೂ ಕೈ ನನ್ನ ಮೈಮೇಲೆ ಇದ್ದೇ ಇದೆ. ಒಂದ್ಸಲ ಬಿಟ್ಬಿಡು."

ಮೀಜೆಯ ಬೆರಳು ಸಡಿಲವಾದವು. ತೇಲಬಹುದೇನೋ. ತೇಲದಿದ್ದರೆ? ಬೇಕೆಂದೇ ತೇಲದಿದ್ದರೆ? ಮೇಲೆ ಕೂತವನಿಗೆ ಏನು ಹೇಳುವುದು? ಅವಳು ಇನ್ನೂ ಬಿಗಿಯಾಗಿ ತಬ್ಬಿಕೊಂಡು, ದಡಕ್ಕೆ ತಂದು, ಗಂಡನನ್ನು ಕೂಗಿದಳು.

ಕೀಜಾ ಬೈಯಲಿಲ್ಲ. ಊಟ ಬಿಡಲಿಲ್ಲ. ಮೀಜೆಯನ್ನು ಗೇಲಿ ಮಾಡುವುದನ್ನು ಮಾತ್ರ ಬಿಟ್ಟಳು. ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು. ಮಳೆ ನಿಂತ ಮೇಲೆ ಮತ್ತೆ ಹೋಗೋಣ, ಈ ಸಲ ಖಂಡಿತ ಕೈ ಬಿಡುತ್ತೇನೆ ಎಂದು ಮೀಜೆ ಒಂದು ದಿನ ಗಂಜಿ ಕುಡಿಸುತ್ತ ಹೇಳಿದಳು.

"ಆಯ್ತು," ಎಂದು ಕೀಜಾ ಗೋಡೆಯತ್ತ ಮುಖ ತಿರುಗಿಸಿದಳು.

ಮಳೆ ನಿಲ್ಲಲು ವಾರವಿದ್ದಾಗ, ಮೀಜೆ ಕಡಲಿನಲ್ಲಿ ಪಾಚಿ ಕಟ್ಟುತ್ತಿದ್ದ ಒಂದು ಮಧ್ಯಾಹ್ನ, ಕೀಜಾ ಹಾಸಿಗೆಯಲ್ಲೇ ತೀರಿಹೋದಳು.

ನಲವತ್ತನೆಯ ದಿನದ ಪ್ರಾರ್ಥನೆ ಮುಗಿದು ನೆಂಟರೆಲ್ಲ ಹೊರಟ ಮೇಲೆ ಮೀಜೆ ಗಂಡನಿಗೆ ಎಲ್ಲ ಹೇಳಿದಳು. ಬಲೆ ಹೆಣೆಯುತ್ತಿದ್ದ ಮಕಾಮೆಯ ಕೈ ನಿಂತಿತು.

"ನಾನಾಗಿದ್ರೂ ಬಿಡ್ತಿರ್ಲಿಲ್ಲ," ಎಂದ.

ಅವನು ಹೇಳಿದ್ದು ಸಮಾಧಾನಕ್ಕೆ. ನೀನು ಬಿಡುವವನಲ್ಲ ಎಂದು ಕೀಜಾಗೂ ಗೊತ್ತಿತ್ತು, ಅದಕ್ಕೇ ನಿನ್ನನ್ನು ಕೇಳದೆ ನನ್ನನ್ನು ಕೇಳಿದಳು ಎಂಬ ಮಾತು ಮೀಜೆಯ ಬಾಯಿಯವರೆಗೆ ಬಂತು. ಇಳಿತದ ಹೊತ್ತಾಗಿತ್ತು, ಹಗ್ಗದ ಚೀಲ ತಲೆಗಿಟ್ಟು ಕಡಲಿಗೆ ಹೊರಟಳು.