ಮೇಡಂ ಸಾರ್

ಅವರ ಬೂಟು ಅವರ ಕಾಲಿಗಿಂತ ಎರಡು ಅಳತೆ ದೊಡ್ಡದಿತ್ತು. ಇಲಾಖೆಯ ಉಗ್ರಾಣದಲ್ಲಿ ಇದ್ದದ್ದೆಲ್ಲ ಗಂಡಸರ ಅಳತೆಯವೇ. ಎರಡು ಜೊತೆ ಕಾಲುಚೀಲ ಹಾಕಿ, ತುದಿಗೆ ಹಳೇ ಬಟ್ಟೆಯ ಉಂಡೆ ತುರುಕಿಕೊಂಡು ನಡೆಯುತ್ತಿದ್ದರು. ಹಾಗಾಗಿ ಅವರು ಮೆಟ್ಟಿಲಿಳಿಯುವ ಸದ್ದೇ ಬೇರೆ: ಮೊದಲು ಕಾಲಿನದು, ಕೊಂಚ ತಡವಾಗಿ ಬೂಟಿನದು. ಗದ್ದದ ಕೆಳಗೆ ಹೆಲ್ಮೆಟ್ಟಿನ ಪಟ್ಟಿ ಬಿಗಿದು ಬಿಗಿದು ಬಿದ್ದ ಒಂದು ಕಪ್ಪು ಗೆರೆ. ನಲವತ್ತು ದಾಟಿದ, ಕುಳ್ಳಗಿನ ಗಟ್ಟಿ ಹೆಂಗಸು. ಅಗ್ನಿಶಾಮಕ ದಳದಲ್ಲಿ ಸ್ಟೇಷನ್ ಆಫೀಸರು.

ಅವರ ಕೈಕೆಳಗಿದ್ದವರೆಲ್ಲ ಗಂಡಸರು. ಅವರು ಇವರನ್ನು ‘ಮೇಡಂ ಸಾರ್’ ಎಂದು ಕರೆಯುತ್ತಿದ್ದರು. ಬರೀ ಮೇಡಂ ಅಂದರೆ ಮರ್ಯಾದೆ ಸಾಲದೆಂಬ ಭಯವೋ, ಬರೀ ಸಾರ್ ಅಂದರೆ ಜನ ನಕ್ಕಾರೆಂಬ ಸಂಕೋಚವೋ, ಎರಡನ್ನೂ ಸೇರಿಸಿ ಪಾರಾಗಿದ್ದರು.

ಹೈದರಾಬಾದು ಒಂದು ಕಡೆಯಿಂದ ಗಾಜಾಗುತ್ತ ಬರುತ್ತಿದ್ದ ಕಾಲ ಅದು. ಐಟಿಯ ಒಂದು ಚೂರು ಸನತ್‌ನಗರಕ್ಕೂ ಸಿಡಿದು ಬಿದ್ದಿತ್ತು. ಹಳೇ ಕಾರ್ಖಾನೆಯೊಂದನ್ನು ಕೆಡವಿ ಎಬ್ಬಿಸಿದ ಐದಂತಸ್ತಿನ ಕಟ್ಟಡದಲ್ಲಿ ಒಂದು ಸಾಫ್ಟ್‌ವೇರ್ ಕಂಪನಿ. ಅಲ್ಲಿ ನಾನು ಅಡ್ಮಿನ್. ಅಡ್ಮಿನ್ ಅಂದರೆ ಎಸಿ, ಕ್ಯಾಬು, ಕಾಫಿ ಯಂತ್ರ, ಮುರಿದ ಕುರ್ಚಿ. ಯಾರ ಕೆಲಸವೂ ಅಲ್ಲದ್ದೆಲ್ಲ ನನ್ನ ಕೆಲಸ. ಕುಷಾಯಿಗೂಡದಿಂದ ಎರಡು ಬಸ್ಸು ಬದಲಿಸಿ ಬರುವಷ್ಟರಲ್ಲೇ ಅರ್ಧ ಜೀವ ಸೋತಿರುತ್ತಿತ್ತು. ಗಂಡ ದುಡಿಯುತ್ತಿದ್ದ ಕಾರ್ಖಾನೆ ಬಾಗಿಲು ಹಾಕಿತ್ತು. ಮನೆ ನನ್ನ ನೌಕರಿಯ ಮೇಲೆ ನಿಂತಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನೆಪ ಅಂತ ತಿಳಿದರೆ ತಿಳಿಯಿರಿ.

ಕಟ್ಟಡದ ತಪಾಸಣೆಗೆಂದು ಅವರು ಮೊದಲ ಸಲ ಬಂದಾಗ ಲಿಫ್ಟಿನ ಬಾಗಿಲು ತೆರೆದು ನಿಂತಿದ್ದೆ. ಅವರು ಅದರತ್ತ ನೋಡಲೂ ಇಲ್ಲ. ನಡೆದೇ ತಾರಸಿಗೆ ಹತ್ತಿ, ಅಲ್ಲಿಂದ ಒಂದೊಂದೇ ಅಂತಸ್ತು ನೋಡುತ್ತ ಇಳಿಯುವುದು ಅವರ ಕ್ರಮ. ಹಿಂದೆ ಏದುಸಿರು ಬಿಡುತ್ತ ನಾನು. ನಡುವೆ ಅವ್ವನ ಫೋನು ಬಂತು, ನಮ್ಮ ಸೇಡಂ ಕಡೆಯ ಮಾತಿನಲ್ಲಿ ಏನೋ ಗೊಣಗಿದೆ. ಮುಂದಿನ ಬೂಟು ನಿಂತಿತು.

“ಯಾವೂರ್ರಿ ನಿಮ್ದು?”

“ಸೇಡಂ ಕಡೇರಿ.”

“ನಮ್ದು ಹುಮನಾಬಾದ್ ನೋಡ್ರಿ. ಮೊದಲೇ ಹೇಳಬಾರ್ದಾ? ತಾಸಾತು ಇಬ್ರೂ ಹಿಂದಿ ಹೊಡಿಯಾಕತ್ತೇವಿ.” ಮೂರನೇ ಅಂತಸ್ತಿನ ಮೆಟ್ಟಿಲ ಮೇಲೆ ಕೂತು ಬೂಟು ಕಳಚಿದರು. “ಪಾದಕ್ಕ ಒಂದಿಷ್ಟು ಗಾಳಿ ಆಡ್ಲಿ ತಡೀರಿ.”

ಆಮೇಲೆ ಆ ಕಡೆ ಕೆಲಸವಿದ್ದಾಗೆಲ್ಲ ಊಟದ ಹೊತ್ತಿಗೆ ಬರುತ್ತಿದ್ದರು. ನನ್ನ ಡಬ್ಬಿಯ ರೊಟ್ಟಿ, ಅವರ ಡಬ್ಬಿಯ ಶೇಂಗಾ ಹಿಂಡಿ. ನಾನು ‘ಅಕ್ಕಾರ’ ಅನ್ನತೊಡಗಿದೆ, ಅವರಿಗೆ ನಾನು ‘ತಂಗಿ’ಯಾದೆ. “ಬೆಂಕಿ ಸಾಹುಕಾರ ಇದ್ದಂಗ ತಂಗಿ, ಸದ್ದು ಮಾಡಕೋತ ಬರತೈತಿ. ಹೊಗಿ ಕಳ್ಳ. ಮಂದಿ ಸಾಯೋದು ಹೊಗಿಗೆ” ಎನ್ನುತ್ತಿದ್ದರು. ಅಂಜಿಕೆಯಾಗುವುದಿಲ್ಲವೇ ಎಂದು ಎಲ್ಲರೂ ಕೇಳುವ ಪ್ರಶ್ನೆಯನ್ನೇ ನಾನೂ ಕೇಳಿದ್ದೆ. “ಅಂಜಿಕಿ ಅಲ್ಲ, ದಣಿವಾಗತೈತಿ. ಬೆಂಕಿ ಮುಂದ ಕರದಾಗ ನಿಂತ್ರ ಸಾಕು. ಈ ಗಂಡಸರ ಮುಂದ ದಿನಾ ನಿಲ್ಲಬೇಕು. ಇವತ್ತು ನಿಚ್ಚಣಿಕಿ ಹತ್ತಿ ತೋರಿಸಿದ್ರ ನಾಳೆ ಮತ್ತ ಹತ್ತು ಅಂತಾರ.” ಶಾಲೆ ಮಕ್ಕಳಿಗೆ ಪಾಠ ಹೇಳು, ಫೈಲು ನೋಡು ಎಂದು ಇಲಾಖೆ ಅವರನ್ನು ಎಷ್ಟೋ ವರ್ಷ ಕೂರಿಸಿಟ್ಟು, ಕಡೆಗೆ ಕೊಟ್ಟ ಸ್ಟೇಷನ್ ಇದು. ಹಾಗೇ ಒಂದು ದಿನ ಮನೆಯ ಸಂಗತಿಯನ್ನೂ ಹೇಳಿದರು: ತಾಯಿಗೆ ಲಕ್ವಾ ಹೊಡೆದಿತ್ತು. ಮೈ ತೊಳೆದು, ಗಂಜಿ ಕುಡಿಸಿ ಡ್ಯೂಟಿಗೆ ಬರುತ್ತಿದ್ದರು. “ಸ್ಟೇಷನ್ನಾಗ ಯಾರಿಗೂ ಹೇಳಿಲ್ಲ. ಹೇಳಿದ್ರ, ಪಾಪ ಮನೀಗೆ ಹೋಗ್ರಿ ಮೇಡಂ ಅಂತಾರ. ಆ ಪಾಪ ನನಗ ಬ್ಯಾಡ.”

ಅದೇ ವರ್ಷ ನಮ್ಮಲ್ಲಿ ಅಗ್ನಿ ಡ್ರಿಲ್ ನಡೆಯಿತು. ವಿದೇಶದ ಗ್ರಾಹಕರು ಕಟ್ಟಡ ನೋಡಲು ಬರುವವರಿದ್ದರು, ಅಷ್ಟರೊಳಗೆ ಸುರಕ್ಷಾ ಪ್ರಮಾಣಪತ್ರ ಬೇಕಿತ್ತು. ಗಂಟೆ ಮೊಳಗಿತು. ಹುಡುಗ ಹುಡುಗಿಯರು ಲ್ಯಾಪ್‌ಟಾಪ್ ಎದೆಗವಚಿಕೊಂಡು, ನಗುತ್ತ ಇಳಿದು ಅಂಗಳದಲ್ಲಿ ಸಾಲಾಗಿ ನಿಂತರು. ಬಾಗಿಲ ಕಾರ್ಡಿನ ಲೆಕ್ಕ, ಅಂಗಳದ ತಲೆ ಲೆಕ್ಕ ಎರಡೂ ತಾಳೆಯಾದವು. ಮ್ಯಾನೇಜರು ಚಪ್ಪಾಳೆ ತಟ್ಟಿದರು.

ಅಕ್ಕಾರು ತಟ್ಟಲಿಲ್ಲ. ನನ್ನ ಹತ್ತಿರ ಬಂದು ಮೆಲ್ಲಗೆ, “ತಂಗಿ, ಮುಂಜಾನಿ ನನಗ ಚಹಾ ಕೊಟ್ರಲ್ಲ, ಆ ಕಪ್ ಯಾರು ತೊಳದ್ರು?” ಎಂದರು.

ನಾನು ಅಂಗಳದ ಸಾಲಿನತ್ತ ತಿರುಗಿ ನೋಡಿದೆ. ಅಷ್ಟರಲ್ಲಿ ಅವರು ಒಳಗೆ ಹೋಗಿಯಾಗಿತ್ತು. ಹೊರಬಂದಾಗ ಹಿಂದೆ ನೀಲಿ ಕೋಟಿನ ಮೂವರು ಹೆಂಗಸರು. ಕಸ ಗುಡಿಸಿ ನೆಲ ಒರೆಸುವವರು. ಒಬ್ಬಳ ಕೈಯಲ್ಲಿ ಇನ್ನೂ ನೀರಿಳಿಯುವ ಒರೆಸುವ ಬಟ್ಟೆ. ಗುತ್ತಿಗೆಯವರಾದ್ದರಿಂದ ಅವರಿಗೆ ಕಾರ್ಡಿರಲಿಲ್ಲ, ಕಾರ್ಡಿಲ್ಲದ್ದರಿಂದ ಲೆಕ್ಕದಲ್ಲಿರಲಿಲ್ಲ. ಯಾರು ನಿಮ್ಮನ್ನು ಮೇಲೇ ಇರಲು ಹೇಳಿದ್ದು ಎಂದು ಅಕ್ಕಾರು ತೆಲುಗಿನಲ್ಲಿ ಕೇಳಿದರು. ವಯಸ್ಸಾದವಳು ನನ್ನ ಮುಖ ನೋಡಿ ತಲೆ ತಗ್ಗಿಸಿದಳು. ಹೇಳಿದ್ದು ನಾನೇ. ಇದು ಸ್ಟಾಫಿಗೆ ಮಾತ್ರ, ನೀವು ಪ್ಯಾಂಟ್ರಿ ಮುಗಿಸಿಬಿಡಿ ಎಂದಿದ್ದೆ. ಆ ನೋಟವನ್ನು ಅಕ್ಕಾರು ನೋಡಿದರು. ನನ್ನ ಹೆಸರೆತ್ತದೆ ಮ್ಯಾನೇಜರತ್ತ ತಿರುಗಿದರು.

“ಕಾಗಜ್ ಪೆ ಸಬ್ ಬಚ್ ಗಯೆ ಸಾಬ್. ಊಪರ್ ತೀನ್ ಔರತಾಂ ಮರ್ ಗಯೆ.”

ಕಾಗದದ ಮೇಲೆ ಎಲ್ಲರೂ ಉಳಿದರು, ಮೇಲೆ ಮೂವರು ಹೆಂಗಸರು ಸತ್ತರು. ಇಡೀ ಅಂಗಳಕ್ಕೆ ಕೇಳುವಂತೆ ಹೇಳಿದರು. ಈ ಕಟ್ಟಡದಲ್ಲಿ ಉಸಿರಾಡುವವರೆಲ್ಲರ ಹೆಸರು ಪಟ್ಟಿಗೆ ಸೇರಿಸಿ ಇನ್ನೊಂದು ಡ್ರಿಲ್ ಮಾಡುವ ತನಕ ಸಹಿ ಇಲ್ಲ ಎಂದು ಜೀಪು ಹತ್ತಿದರು.

ಮ್ಯಾನೇಜರಿಗೆ ಅವಮಾನವಾಗಿತ್ತು. ಮೇಲಧಿಕಾರಿಗಳಿಗೆ ದೂರು ಕೊಡೋಣ ಎಂದರು. “ಆಪ್ ಲಿಖೋ ಮೇಡಂ, ನೀವೇ ಬರೆಯಿರಿ. ನೀವೂ ಹೆಂಗಸೇ ಅಲ್ವಾ, ಏನು ಬರೆದರೆ ನಾಟುತ್ತದೆ ನಿಮಗೆ ಗೊತ್ತು.” ಗೊತ್ತಿತ್ತು. ಅದೇ ನಾಚಿಕೆಗೇಡು. ಗಂಡಸು ಬರೆದಿದ್ದರೆ ಬೈಗುಳ ಬರೆಯುತ್ತಿದ್ದ, ಓದಿದವರು ಮೂಲೆಗೆ ಎಸೆಯುತ್ತಿದ್ದರು. ನಾನು ಕನಿಕರ ಬರೆದೆ. ಅಧಿಕಾರಿಯವರು ಬೇಗ ಭಾವಾವೇಶಕ್ಕೆ ಒಳಗಾಗುತ್ತಾರೆ; ತಾಯಿಯ ಪಾರ್ಶ್ವವಾಯುವಿನಿಂದ ಮನೆಯಲ್ಲಿ ಒತ್ತಡವಿದೆ; ಅವರ ಹಿತದೃಷ್ಟಿಯಿಂದಲೇ ಹಗುರವಾದ ಹೊಣೆ ಕೊಡುವುದು ಒಳ್ಳೆಯದು. ಒಳ್ಳೆಯ ಇಂಗ್ಲಿಷಿನಲ್ಲಿ ಒಂದು ಪುಟ. ಮ್ಯಾನೇಜರು ಓದಿ, ತಲೆದೂಗಿ, ಸಹಿ ಹಾಕಿದರು.

ತಿಂಗಳೊಳಗೆ ಅಕ್ಕಾರ ಸ್ಟೇಷನ್ ಬೇರೊಬ್ಬರ ಪಾಲಾಯಿತು. ಅವರನ್ನು ಸಿಕಂದರಾಬಾದಿನ ಕಚೇರಿಯೊಂದರಲ್ಲಿ ಮೇಜಿನ ಮುಂದೆ ಕೂರಿಸಿದರು. ನಮಗೆ ಪ್ರಮಾಣಪತ್ರ ಬಂತು. ಮೂವರು ಹೆಂಗಸರ ಹೆಸರನ್ನು ಪಟ್ಟಿಗೆ ಸೇರಿಸಿದೆ, ಯಾರೂ ಹೇಳದೆಯೇ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಒಂದು ಶನಿವಾರ ಸಿಕಂದರಾಬಾದಿಗೆ ಹೋದೆ. ಗೋಡೆಗೆ ಮುಖ ಮಾಡಿದ ಕಿಟಕಿ, ಕಟ್ಟು ಕಟ್ಟು ಫೈಲು, ನಡುವೆ ಅಕ್ಕಾರು. “ಬಾ ತಂಗಿ” ಎಂದು ಚಹಾ ತರಿಸಿದರು. ಚಹಾ ಆರಿ ಕೆನೆಗಟ್ಟಿತು. ಕಡೆಗೆ, “ಅಕ್ಕಾರ, ಆ ಅರ್ಜಿ…” ಎಂದೆ.

“ಗೊತ್ತೈತಿ ಬಿಡು. ನಮ್ಮವ್ವಗ ಲಕ್ವಾ ಹೊಡದದ್ದು ನಿಮ್ಮ ಮ್ಯಾನೇಜರಗ ಹ್ಯಾಂಗ ಗೊತ್ತಾಗಬೇಕು?”

ಬೈಯುತ್ತಾರೆಂದು ಕಾದೆ. ಅವರು ಡ್ರಾಯರಿನಿಂದ ನನ್ನದೇ ಪತ್ರದ ಪ್ರತಿ ತೆಗೆದು ಮೇಜಿನ ಮೇಲಿಟ್ಟರು. “ಇದಕ್ಕ ನಾ ಜವಾಬು ಕೊಡಬೇಕಂತ. ಮೂರು ಸಲ ಬರದು ಹರದೀನಿ. ನಂದು ಇಂಗ್ಲಿಷ್ ನೆಟ್ಟಗಿಲ್ಲ. ನೀ ಚೊಲೊ ಬರೀತಿ. ಬರದು ಕೊಡು.”

ಆ ಮಾತಿನಲ್ಲಿ ಕುಟುಕು ಇದೆಯೇ ಎಂದು ಹುಡುಕಿದೆ. ಇರಲಿಲ್ಲ. ದಣಿದವರಿಗೆ ಕುಟುಕುವಷ್ಟು ತ್ರಾಣವೂ ಉಳಿದಿರುವುದಿಲ್ಲವೇನೋ. ಅಲ್ಲೇ ಕೂತು ಸಂಜೆಯ ತನಕ ಬರೆದೆ, ನಾನೇ ಕಟ್ಟಿದ ಒಂದೊಂದು ಸಾಲನ್ನೂ ನಾನೇ ಕೆಡವುತ್ತ. ಕೊನೆಯಲ್ಲಿ ‘ಘಟನೆಯನ್ನು ಕಣ್ಣಾರೆ ಕಂಡವರು’ ಎಂದು ಬರೆದು ಪೆನ್ನು ನಿಲ್ಲಿಸಿದೆ. ಅಲ್ಲಿ ಒಂದು ಹೆಸರು ಬೇಕಿತ್ತು. ಹೆಸರಿಲ್ಲದಿದ್ದರೆ ಅದು ಬರೀ ಆಪಾದಿತರ ಸಮಜಾಯಿಷಿ.

ಅವರು ಕೈಚಾಚಿ ಕಾಗದ ಎಳೆದುಕೊಂಡರು. “ನಿನ್ನ ಹೆಸರು ಬ್ಯಾಡ. ಮನ್ಯಾಗ ಗಂಡ ಖಾಲಿ ಕುಂತಾನ, ನಿನ್ನ ನೌಕರಿನೂ ಹೋದ್ರ ಏನ್ ಮಾಡ್ತಿ?”

ಇಲ್ಲ ಅಕ್ಕಾರ, ಹಾಕುತ್ತೇನೆ ಅನ್ನಬೇಕಿತ್ತು. ಅನ್ನಲಿಲ್ಲ. ನನಗೆ ಆಗ ನಾಚಿಕೆ ಕೂಡ ಆಗಲಿಲ್ಲ, ಹಗುರಾಯಿತು. ನಾಚಿಕೆ ಆಮೇಲೆ ಬಂತು, ಕುಷಾಯಿಗೂಡದ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿದ್ದಾಗ.

ಸಾಕ್ಷಿಯಿಲ್ಲದ ಆ ಉತ್ತರ ಯಾವ ಕಪಾಟು ಸೇರಿತೋ. ಅವರಿಗೆ ಮತ್ತೆ ಸ್ಟೇಷನ್ ಸಿಗಲಿಲ್ಲ. ತಿಂಗಳಿಗೊಮ್ಮೆ ಹೋಗುತ್ತಿದ್ದೆ, ರೊಟ್ಟಿ ಒಯ್ಯುತ್ತಿದ್ದೆ. ಆ ವಿಷಯ ಅವರು ಎತ್ತಲಿಲ್ಲ. ಅವರ ತಾಯಿ ತೀರಿಕೊಂಡರು. ಊರಿನಲ್ಲಿ ಎಲ್ಲಾದರೂ ಬೆಂಕಿ ಬಿದ್ದ ಸುದ್ದಿ ಬಂದರೆ ಮಾತ್ರ ಅವರು ಫೈಲು ಮುಚ್ಚಿ, ಯಾವ ಸ್ಟೇಷನ್ನಿನಿಂದ ಗಾಡಿ ಹೊರಟಿತು, ಎಷ್ಟು ಹೊತ್ತಾಯಿತು ಎಂದು ಫೋನಿನಲ್ಲಿ ಕೇಳುತ್ತಿದ್ದರು. ಆ ಹೊತ್ತಿನಲ್ಲಿ ಅವರ ಮುಖ ನೋಡಲಾಗುತ್ತಿರಲಿಲ್ಲ ನನಗೆ. ನಿವೃತ್ತಿಗೆ ಮೂರು ವರ್ಷ ಇರುವಾಗಲೇ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿಕೊಂಡು, ಆರು ತಿಂಗಳಲ್ಲಿ ಹೋಗಿಬಿಟ್ಟರು.

ಸುದ್ದಿ ಕೇಳಿ ನಾನು ಹೋದಾಗ ಅವರ ಮನೆ ಮುಂದೆ ಶಾಮಿಯಾನ ಹಾಕಿದ್ದರು. ಹಳೇ ಸ್ಟೇಷನ್ನಿನ ಗಂಡಸರೆಲ್ಲ ಯೂನಿಫಾರ್ಮಿನಲ್ಲೇ ಬಂದು ಕೂತಿದ್ದರು. ಗಾಡಿ ಓಡಿಸುತ್ತಿದ್ದ ನರೆತ ಮೀಸೆಯವರು ಮಗುವಿನಂತೆ ಅಳುತ್ತಿದ್ದರು. ಅಕ್ಕಾರ ತಮ್ಮ ನನ್ನನ್ನು ಗುರುತಿಸಿ ಶಾಮಿಯಾನದೊಳಗೆ ಕರೆದ. ಸಾಲಾಗಿ ಕೂತಿದ್ದ ಆ ಗಂಡಸರತ್ತ ತಿರುಗಿ ತೆಲುಗಿನಲ್ಲಿ ಹೇಳಿದ: ಅಕ್ಕನ ಮೇಲೆ ಯಾರೋ ಸುಳ್ಳು ಅರ್ಜಿ ಹಾಕಿದಾಗ ಅವಳ ಪರವಾಗಿ ಬರೆದುಕೊಟ್ಟವರು ಇವರೇ. ಆಮೇಲೆ ನನ್ನ ಕಡೆಗೆ, “ಅಕ್ಕ ಭಾಳ ಸಲ ಹೇಳ್ಯಾಳ್ರಿ ನಿಮ್ಮ ಬಗ್ಗೆ. ಆ ಅರ್ಜಿ ಬರದವರು ಯಾರಂತ ಮಾತ್ರ ಕಡೀತನಕ ಬಾಯಿ ಬಿಡಲಿಲ್ಲ ನೋಡ್ರಿ” ಎಂದ.

ಸಾಲಿನಲ್ಲಿದ್ದವರೆಲ್ಲ ನನಗೆ ಕೈ ಮುಗಿದರು. ನರೆತ ಮೀಸೆಯವರು ಕಣ್ಣೊರೆಸಿಕೊಳ್ಳುತ್ತ ಎದ್ದು ತಮ್ಮ ಕುರ್ಚಿ ನನ್ನತ್ತ ಸರಿಸಿದರು. ನಾನು ಕೂತೆ.